ಮಿಲ್ಟ್ರಿಯವರಲ್ವಾ, ಹಾಗೇ

ಕೊಡಗಿನಲ್ಲಿ ಬೆಳೆದವರು ಈ ಮಾತನ್ನು ಎಷ್ಟು ಸಲ ಕೇಳಿರುತ್ತಾರೋ. ಮದುವೆ ಮನೆಯಲ್ಲಿ ಊಟ ಸ್ವಲ್ಪ ತಡವಾಯಿತು ಅಂತ ಒಬ್ಬ ಹಿರಿಯರು ಎದ್ದು ಕೂಗಾಡುತ್ತಾರೆ. ಪಕ್ಕದಲ್ಲಿದ್ದವರು ಮೆಲ್ಲಗೆ ಹೇಳುತ್ತಾರೆ, "ಮಿಲ್ಟ್ರಿಯವರಲ್ವಾ, ಹಾಗೇ." ಇನ್ನೊಬ್ಬರು ಯಾರ ಜೊತೆಯೂ ಬೆರೆಯದೆ ದಿನವಿಡೀ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅದಕ್ಕೂ ಅದೇ ಮಾತು. ಸೊಸೆ ಮೇಲೆ ರೇಗಿದರೂ, ತೋಟದ ಕೆಲಸದವರನ್ನು ಬೈದು ಓಡಿಸಿದರೂ, ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲಿನ ಚಿಲಕ ಮತ್ತೆ ಮತ್ತೆ ನೋಡಿದರೂ ಅದೇ ಮಾತು. ಅಲ್ಲಿಗೆ ವಿಷಯ ಮುಗಿಯಿತು. ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ.

ಆ ಮಾತಿನಲ್ಲಿ ಗೌರವ ಇದೆ, ಒಪ್ಪುತ್ತೇನೆ. ಕಾರ್ಯಪ್ಪ, ತಿಮ್ಮಯ್ಯ ಅವರ ಊರು ನಮ್ಮದು. ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಲ್ಲಿ ಮ್ಯೂಸಿಯಂ ಆದ ಮೇಲೆ, ಮಡಿಕೇರಿಗೆ ನೆಂಟರು ಬಂದರೆ ನಾವು ರಾಜಾ ಸೀಟ್‌ಗಿಂತ ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಸ್ಕ್ವಾಡ್ರನ್ ಲೀಡರ್ ದೇವಯ್ಯ 1965ರಲ್ಲಿ ಸರ್ಗೋಧಾ ದಾಳಿಗೆ ಹೋಗಿ ತಿರುಗಿ ಬರಲಿಲ್ಲ, ಅವರಿಗೆ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಈ ಕಥೆ ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ತೀರಿಹೋದ ಸೈನಿಕರನ್ನು ನೆನೆಯುವುದು ನಮಗೆ ಚೆನ್ನಾಗಿ ಬರುತ್ತದೆ. ಆದರೆ ಬದುಕಿ ಬಂದು, ಎಪ್ಪತ್ತು ದಾಟಿ, ಪಕ್ಕದ ಕೋಣೆಯಲ್ಲಿ ನಿದ್ದೆ ಇಲ್ಲದೆ ಎದ್ದು ಕೂತವರ ವಿಷಯ ಬಂದಾಗ ಮಾತ್ರ ಆ ಒಂದು ಸಾಲು ಹೇಳಿ ಎದ್ದು ಹೋಗುತ್ತೇವೆ.

ನನ್ನ ಹತ್ತಿರದವರಲ್ಲಿ ಇಬ್ಬರು ಹೀಗಿದ್ದರು. ಒಬ್ಬರು ನಮ್ಮ ದೊಡ್ಡಪ್ಪ, ಇನ್ನೊಬ್ಬರು ಪಕ್ಕದ ತೋಟದ ತಾತ. ಒಬ್ಬರ ಮಿದುಳಿನ ಕಾಯಿಲೆಯನ್ನು ಎಲ್ಲರೂ ಯುದ್ಧದ ಲೆಕ್ಕಕ್ಕೆ ಬರೆದರು. ಇನ್ನೊಬ್ಬರ ಯುದ್ಧದ ನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆದರು. ಎರಡೂ ಕಡೆ ವರ್ಷಗಟ್ಟಲೆ ಸಮಯ ಹೋಯಿತು. ಅದು ನನ್ನನ್ನು ಸುಮ್ನೆ ಬಿಡುತ್ತಿಲ್ಲ.

ದೊಡ್ಡಪ್ಪನ ನಿದ್ದೆ

ದೊಡ್ಡಪ್ಪ ಭಾರತದ ಶಾಂತಿ ಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋದವರು. 1987ರ ಅಕ್ಟೋಬರ್‌ನಲ್ಲಿ ಜಾಫ್ನಾದಲ್ಲಿದ್ದರು. ಆ ಪಡೆಯಲ್ಲಿ ನಮ್ಮವರು 1,100ಕ್ಕೂ ಹೆಚ್ಚು ಮಂದಿ ಸತ್ತರು. 1990ರ ಮಾರ್ಚ್ ಹೊತ್ತಿಗೆ ಉಳಿದವರು ವಾಪಸ್ ಬಂದರು. 1971ರವರಿಗೆ ಡಿಸೆಂಬರ್ 16 ಇದೆ, ಕಾರ್ಗಿಲ್‌ನವರಿಗೆ ಜುಲೈ 26 ಇದೆ. ಶ್ರೀಲಂಕಾದಿಂದ ಬಂದವರಿಗೆ ಒಂದು ದಿನ ಅಂತ ಇಟ್ಟು ಹಾರ ಹಾಕಿದ್ದನ್ನು ನಮ್ಮೂರಿನಲ್ಲಿ ನಾನು ನೋಡಿಲ್ಲ. ದೊಡ್ಡಪ್ಪನೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಐವತ್ತೈದು ದಾಟಿದ ಮೇಲೆ ಅವರು ನಿದ್ದೆಯಲ್ಲಿ ಒದೆಯಲು ಶುರು ಮಾಡಿದರು. ಸುಮ್ಮನೆ ಹೊರಳಾಡುವುದಲ್ಲ. ಕಣ್ಣು ಮುಚ್ಚಿಕೊಂಡೇ ಕೂಗುವುದು, ಗಾಳಿಯಲ್ಲಿ ಗುದ್ದುವುದು, ಮಂಚದಿಂದ ಹಾರಿ ಬೀಳುವುದು. ಒಂದು ಸಲ ದೊಡ್ಡಮ್ಮನ ತುಟಿ ಒಡೆಯಿತು. ಬೆಳಿಗ್ಗೆ ಅವರಿಗೆ ಅದನ್ನು ತೋರಿಸಿದರೆ ತಲೆ ಬಗ್ಗಿಸಿ ಕೂತರು. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಕನಸು ಅಂದರು. ಮನೆಯವರೆಲ್ಲ ಒಂದೇ ಮಾತು ಹೇಳಿದರು, ಜಾಫ್ನಾ ಇನ್ನೂ ತಲೆಯಲ್ಲಿದೆ ಅಂತ. ದೊಡ್ಡಮ್ಮ ಪಕ್ಕದ ಕೋಣೆಗೆ ಹಾಸಿಗೆ ಬದಲಾಯಿಸಿದರು. ಗಂಡ ಗಡಿಯಲ್ಲಿದ್ದಾಗ ಅಷ್ಟು ವರ್ಷ ಮಕ್ಕಳು, ತೋಟ, ಸಾಲ, ಕಾಫಿ ಕೊಯ್ಲು ಎಲ್ಲವನ್ನೂ ಒಬ್ಬರೇ ನಿಭಾಯಿಸಿದ ಹೆಂಗಸು ಅವರು. ಇದನ್ನೂ ಹಾಗೇ ನಿಭಾಯಿಸಿಬಿಟ್ಟರು.

ಇನ್ನೊಂದು ವಿಷಯ ನನಗೆ ಚೆನ್ನಾಗಿ ನೆನಪಿದೆ. ಒಂದು ಮಾರ್ಚ್, ಹೂ ಮಳೆ ಬಿದ್ದು ಒಂದು ವಾರ ಆಗಿತ್ತು. ನಿಮಗೆ ಗೊತ್ತಲ್ವಾ, ಕಾಫಿ ಹೂ ಬಿಟ್ಟ ದಿನ ಕಿಟಕಿ ಮುಚ್ಚಿದರೂ ಆ ವಾಸನೆ ಮನೆಯೊಳಗೆ ತುಂಬಿಕೊಳ್ಳುತ್ತದೆ. ತೋಟ ಪೂರ್ತಿ ಬೆಳ್ಳಗಿತ್ತು. ದೊಡ್ಡಪ್ಪ ಒಂದು ಕೊಂಬೆ ಬಗ್ಗಿಸಿ ಮೂಗಿನ ಹತ್ತಿರ ಹಿಡಿದು, "ಈ ವರ್ಷ ಹೂವಿಗೆ ವಾಸನೆಯೇ ಇಲ್ಲ ನೋಡು" ಅಂದರು. ನಾವು ನಕ್ಕೆವು. ಅವರು ಇನ್ನೊಂದು ಗಿಡಕ್ಕೆ ಹೋಗಿ ಮತ್ತೆ ಮೂಸಿ ನೋಡಿದರು. ಆಮೇಲೆ ಏನೂ ಹೇಳಲಿಲ್ಲ.

ಎಷ್ಟೋ ವರ್ಷಗಳ ನಂತರ ಮೈಸೂರಿನಲ್ಲಿ ಒಬ್ಬ ನರರೋಗ ತಜ್ಞರು ದೊಡ್ಡಮ್ಮನನ್ನು ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆಗಳು ಇವೇ. ನಿದ್ದೆಯಲ್ಲಿ ಕೈಕಾಲು ಆಡಿಸುತ್ತಿದ್ದರಾ? ವಾಸನೆ ಗೊತ್ತಾಗುತ್ತಿತ್ತಾ? ಮಲಬದ್ಧತೆ ಇತ್ತಾ? ಅಷ್ಟು ಹೊತ್ತಿಗೆ ದೊಡ್ಡಪ್ಪನ ನಡಿಗೆ ಸಣ್ಣ ಸಣ್ಣ ಹೆಜ್ಜೆಗೆ ಇಳಿದಿತ್ತು. ಸಹಿ ಇರುವೆ ಸಾಲಿನಷ್ಟು ಚಿಕ್ಕದಾಗಿ, ಪೆನ್ಷನ್ ಕಾಗದಕ್ಕೆ ಬ್ಯಾಂಕಿನವರು ತಕರಾರು ತೆಗೆಯುತ್ತಿದ್ದರು. ಸಂಜೆಯಾದರೆ ಕಾಫಿ ಗಿಡಗಳ ನಡುವೆ ಮಕ್ಕಳು ಆಡುತ್ತಿದ್ದಾರೆ ಅನ್ನುತ್ತಿದ್ದರು. ಮನೆಯ ಹಿರಿಯರೊಬ್ಬರು ಗುರು ಕಾರಣರ, ಅಂದರೆ ಮನೆತನದ ಪೂರ್ವಜರ, ಕೋಪ ಇರಬೇಕು, ಕೊಡುವುದನ್ನು ಸರಿಯಾಗಿ ಕೊಟ್ಟಿಲ್ಲ ಅಂದರು. ಉಳಿದವರು ಶ್ರೀಲಂಕಾದಲ್ಲಿ ಏನು ನೋಡಿದರೋ ಪಾಪ ಅಂದರು. ಡಾಕ್ಟರು ಹೇಳಿದ ಹೆಸರು ಲ್ಯೂಯಿ ಬಾಡಿ ಡಿಮೆನ್ಷಿಯಾ, ಮಿದುಳಿನ ಜೀವಕೋಶಗಳು ಹಾಳಾಗಿ ಬರುವ ಒಂದು ಬಗೆಯ ಮರೆವಿನ ಕಾಯಿಲೆ.

ಕನಸು ಬೀಳುವ ಹೊತ್ತಿನಲ್ಲಿ ನಮ್ಮ ಮಾಂಸಖಂಡಗಳನ್ನು ಮಿದುಳಿನ ಕಾಂಡವೇ ತಡೆದು ಹಿಡಿದಿರುತ್ತದಂತೆ. ಹಾಗಾಗಿ ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಓಡುವುದಿಲ್ಲ. ಒಂದು ಬಗೆಯ ಪ್ರೋಟೀನ್ ಗಂಟುಗಟ್ಟಿ ಅಲ್ಲಿನ ಜೀವಕೋಶಗಳು ಹಾಳಾದಾಗ ಆ ತಡೆ ಸಡಿಲವಾಗುತ್ತದೆ. ಕನಸು ಮೈಯಲ್ಲಿ ಹೊರಗೆ ಬರುತ್ತದೆ. ನಡುಕಕ್ಕೂ ಮರೆವಿಗೂ ಹತ್ತಾರು ವರ್ಷ ಮುಂಚೆಯೇ ಇದು ಶುರುವಾಗಬಹುದು. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬೇರೆ ಕಾರಣವಿಲ್ಲದೆ ಈ ನಿದ್ದೆಯ ಕಾಯಿಲೆ ಬಂದ 1,280 ಜನರನ್ನು ಹಲವು ದೇಶಗಳಲ್ಲಿ ಗಮನಿಸಿದ್ದರು. ವರ್ಷಕ್ಕೆ ಶೇ. 6ಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಪಾರ್ಕಿನ್‌ಸನ್ ಅಥವಾ ಇಂಥದ್ದೇ ಕಾಯಿಲೆ ಕಾಣಿಸಿಕೊಂಡಿತು. ಯುದ್ಧ ನೋಡಿದವರಿಗೆ ಬೀಳುವ ಕೆಟ್ಟ ಕನಸು ಬೇರೆ, ಇದು ಬೇರೆ. ಕೆಲವರಲ್ಲಿ ಎರಡೂ ಒಟ್ಟಿಗೆ ಇರಬಹುದು. ಯಾವುದು ಯಾವುದು ಅಂತ ಹೇಳಲು ನಿದ್ದೆಯ ಪರೀಕ್ಷೆ ಬೇಕು, ಮುಖ್ಯವಾಗಿ ಪಕ್ಕದಲ್ಲಿ ಮಲಗಿದವರ ಮಾತು ಬೇಕು. ದೊಡ್ಡಮ್ಮನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಗೊತ್ತಾಗಿದ್ದರೆ ಕಾಯಿಲೆ ನಿಲ್ಲುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ನಿಲ್ಲಿಸುವ ಔಷಧಿ ಇಲ್ಲ. ಆದರೆ ಒಂದು ರಾತ್ರಿ ತಪ್ಪುತ್ತಿತ್ತು. ಜ್ವರ ಬಂದು ಅವರನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಗಲಾಟೆ ಮಾಡುತ್ತಾರೆ ಅಂತ ಶಾಂತವಾಗಲು ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಟ್ಟರು. ಈ ಕಾಯಿಲೆ ಇದ್ದವರಿಗೆ ಆ ಔಷಧಿ ತುಂಬಾ ಅಪಾಯ. ಬೆಳಗಾಗುವ ಹೊತ್ತಿಗೆ ಮೈ ಮರದ ಹಾಗೆ ಬಿಗಿದುಕೊಂಡಿತ್ತು, ಎಂಜಲು ನುಂಗಲೂ ಆಗುತ್ತಿರಲಿಲ್ಲ. ಚೇತರಿಸಿಕೊಳ್ಳಲು ವಾರಗಳು ಬೇಕಾದವು. ಈಗ ಅವರ ಫೈಲಿನ ಮೇಲೆ ಆ ಔಷಧಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಕೊಡಬಾರದು ಅಂತ ಅಂಟಿಸಿದ್ದೇವೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಇವತ್ತೇ ಮಾಡಿ.

ಪಕ್ಕದ ತೋಟದ ತಾತ

ತಾತ 1971ರಲ್ಲಿ ಪಶ್ಚಿಮದ ಗಡಿಯಲ್ಲಿ ಫಿರಂಗಿ ದಳದಲ್ಲಿದ್ದರು. ಆಗ ಇಪ್ಪತ್ತೊಂದು ವರ್ಷ. ಕಿವಿ ಅಲ್ಲಿಯೇ ಹೋಗಿತ್ತು. ಸೇನೆಯಿಂದ ಬಂದ ಮೇಲೆ ಸುಂಟಿಕೊಪ್ಪ ಕಡೆ ತೋಟ ಮಾಡಿದರು, ಮೂರು ಮಕ್ಕಳನ್ನು ಓದಿಸಿದರು, ಹಾಕಿ ಪಂದ್ಯ ಅಂದರೆ ಎಲ್ಲಿದ್ದರೂ ಹೋಗುತ್ತಿದ್ದರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಏನೂ ಆಗಿರಲಿಲ್ಲ. ಯುದ್ಧದ ಕಥೆ ಕೇಳಿದರೆ ಚಳಿಯ ಬಗ್ಗೆ, ಪಂಜಾಬಿನ ಲಸ್ಸಿ ಬಗ್ಗೆ ಹೇಳಿ ಮುಗಿಸುತ್ತಿದ್ದರು.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದವು. ಮಕ್ಕಂದೂರು, ಜೋಡುಪಾಲ, ಮಾದಾಪುರ. ಆ ರಾತ್ರಿಗಳ ಬಗ್ಗೆ ನಾನು ಬರೆಯಬೇಕಿಲ್ಲ. ತಾತನ ತೋಟಕ್ಕೆ ಏನೂ ಆಗಲಿಲ್ಲ. ಆದರೆ ದೂರದಲ್ಲಿ ಗುಡ್ಡ ಗುಡುಗಿದ ಶಬ್ದ ಅವರಿಗೆ ಕಿವಿಗಿಂತ ಎದೆಗೆ ಕೇಳಿಸಿತ್ತು ಅಂತ ಆಮೇಲೆ ಹೇಳಿದರು. ಅದಾದ ಸ್ವಲ್ಪ ಸಮಯಕ್ಕೆ ಅಜ್ಜಿ ತೀರಿಕೊಂಡರು. ಮಕ್ಕಳು ಬೆಂಗಳೂರು, ದುಬೈ ಅಂತ ಹೋಗಿಯಾಗಿತ್ತು. ತಾತ ಊಟ ಬಿಟ್ಟರು. ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಹೇಳಿದ್ದನ್ನೇ ಹೇಳುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುವುದು. ಊರವರು ಅರಳು ಮರಳು ಅಂದರು. ವಯಸ್ಸಾಯ್ತಲ್ಲ, ಅಂದರು.

ಒಂದು ನವೆಂಬರ್ ಸಂಜೆ ಅವರ ಜಗಲಿಯಲ್ಲಿ ಕೂತಿದ್ದೆ. ಹತ್ತಿರದ ತೋಟಕ್ಕೆ ಆನೆ ಬಂದಿತ್ತು. ಅರಣ್ಯ ಇಲಾಖೆಯವರು ಓಡಿಸಲು ಪಟಾಕಿ ಹೊಡೆದರು. ಇಲ್ಲಿ ಅದು ಮಾಮೂಲಿ, ನಾನು ಕಾಫಿ ಲೋಟ ಕೆಳಗೆ ಕೂಡ ಇಡಲಿಲ್ಲ. ತಾತ ನನ್ನ ಹೆಗಲು ಹಿಡಿದು ನೆಲಕ್ಕೆ ಎಳೆದರು. "ನೀಚೇ! ಸಿರ್ ನೀಚೇ!" ತಲೆ ಕೆಳಗೆ ಮಾಡು ಅಂತ ಹಿಂದಿಯಲ್ಲಿ ಕೂಗಿದರು. ಅಷ್ಟು ವಯಸ್ಸಾದ ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. ಇನ್ನೂ ಎರಡು ಸದ್ದು ಕೇಳಿಸಿತು. ಅವರು ನನ್ನ ತಲೆಯ ಮೇಲೆ ತಮ್ಮ ಅಂಗೈ ಒತ್ತಿ ಹಿಡಿದಿದ್ದರು. ಆ ಬೆರಳುಗಳು ನಡುಗುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದು, ಚೆಲ್ಲಿದ ಕಾಫಿಯನ್ನು ತಮ್ಮ ಟವೆಲ್‌ನಿಂದ ಒರೆಸಿದರು. "ನಿನಗೆ ಏನೂ ಆಗಲಿಲ್ಲ ತಾನೆ?" ಅಂತ ಕನ್ನಡದಲ್ಲಿ ಕೇಳಿದರು.

ಮೊಮ್ಮಗಳು ಹಠ ಮಾಡಿ ಅವರನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ಮಾಡಿದ್ದು ದೊಡ್ಡದೇನಲ್ಲ, ಜೋರಾಗಿ ಮಾತಾಡಿ, ನಿಧಾನವಾಗಿ ಕೇಳಿದರು. 1971ರ ಡಿಸೆಂಬರ್‌ನಲ್ಲಿ ಪಕ್ಕದ ಫಿರಂಗಿಯ ಮೇಲೆ ಶೆಲ್ ಬಿದ್ದ ದಿನದ ಬಗ್ಗೆ ತಾತ ಮೊದಲ ಸಲ ಬಾಯಿ ಬಿಟ್ಟರು. ಅಲ್ಲಿದ್ದ ಗೆಳೆಯ ನೀರು ಕೇಳಿದ್ದ, ಇವರು ತಮ್ಮ ಫಿರಂಗಿ ಬಿಟ್ಟು ಹೋಗುವ ಹಾಗಿರಲಿಲ್ಲ. ಅದು ಅಜ್ಜಿಗೂ ಗೊತ್ತಿರಲಿಲ್ಲ. ನೆನಪಿನ ಪರೀಕ್ಷೆ ಮಾಡಿದಾಗ ವಯಸ್ಸಿಗೆ ತಕ್ಕಂತೆ ಸರಿಯಾಗೇ ಇತ್ತು. ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದದ್ದು ಪ್ರಶ್ನೆ ಕೇಳಿಸದೆ ಇದ್ದದ್ದಕ್ಕೆ. ಉಳಿದದ್ದು ಖಿನ್ನತೆ, ಮತ್ತು ಇಷ್ಟು ವರ್ಷ ಕೆಳಗೆ ಒತ್ತಿಟ್ಟಿದ್ದ ಯುದ್ಧ. ಔಷಧಿ ಕೊಟ್ಟರು, ಮಾತಿಗೆ ಕರೆದರು, ಕಿವಿಗೆ ಯಂತ್ರ ಹಾಕಿಸಿದರು. ಪೂರ್ತಿ ಹೋಯಿತು ಅಂತಲ್ಲ, ಪುತ್ತರಿ ಸುಗ್ಗಿ ಹಬ್ಬದ ದಿನ ಕದಿರು ತೆಗೆಯುವಾಗ ಕೋವಿ ಹಾರಿಸುತ್ತಾರಲ್ಲ, ಆಗ ಈಗಲೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ಊಟ ಮಾಡುತ್ತಾರೆ. ಹಾಕಿ ನೋಡಲು ಬರುತ್ತಾರೆ.

ಹೀಗೆ ಮುಪ್ಪಿನಲ್ಲಿ ಯುದ್ಧ ತಿರುಗಿ ಬರುವುದನ್ನು ಅಮೆರಿಕದ ಬಾಸ್ಟನ್ನಿನ ಸಂಶೋಧಕರು 2000ದ ದಶಕದಲ್ಲೇ ಗುರುತಿಸಿ ಬರೆದಿದ್ದಾರೆ. ಕೆಲಸ, ಮಕ್ಕಳು, ಸಾಲ ಇವೆಲ್ಲ ಇರುವವರೆಗೆ ತಲೆಗೆ ಬಿಡುವೇ ಇರುವುದಿಲ್ಲ. ಅವು ಒಂದೊಂದಾಗಿ ಮುಗಿದ ಮೇಲೆ, ಜೊತೆಗಾರರು ಹೋದ ಮೇಲೆ, ಹಳೆಯದು ಎದ್ದು ಬರುತ್ತದೆ. ಯುದ್ಧ ಕಂಡವರ ಈ ನೋವಿಗೆ ವೈದ್ಯರ ಪುಸ್ತಕದಲ್ಲಿ ಪಿಟಿಎಸ್‌ಡಿ ಅಂತ ಜಾಗ ಸಿಕ್ಕಿದ್ದೇ 1980ರಲ್ಲಿ. ತಾತ ಯುದ್ಧದಿಂದ ಬಂದಾಗ ಆ ಹೆಸರೇ ಇರಲಿಲ್ಲ.

ಇವೆರಡು ಬೇರೆ ಬೇರೆ ಕಥೆ ಅಂತ ಬಿಡಲೂ ಆಗುವುದಿಲ್ಲ, ಯಾಕೆಂದರೆ ಮನಸ್ಸಿನದು ಮಿದುಳಿಗೂ ತಗಲಬಹುದು. 2010ರಲ್ಲಿ ಅಮೆರಿಕದ 1,81,093 ಹಿರಿಯ ಮಾಜಿ ಸೈನಿಕರ ದಾಖಲೆ ನೋಡಿದ ಅಧ್ಯಯನವೊಂದು ಬಂತು. ಏಳು ವರ್ಷದಲ್ಲಿ ಪಿಟಿಎಸ್‌ಡಿ ಇದ್ದವರಲ್ಲಿ ಶೇ. 10.6 ಮಂದಿಗೆ ಡಿಮೆನ್ಷಿಯಾ ಬಂದಿತ್ತು, ಇಲ್ಲದವರಲ್ಲಿ ಶೇ. 6.6. ಲ್ಯಾನ್ಸೆಟ್ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ನಾವು ಏನಾದರೂ ಮಾಡಬಹುದಾದ 14 ಕಾರಣಗಳನ್ನು ಹೇಳಿತು. ಅದರಲ್ಲಿ ಕಿವುಡುತನ ಇದೆ, ತಲೆಗೆ ಪೆಟ್ಟು ಇದೆ, ಖಿನ್ನತೆ, ಅತಿ ಕುಡಿತ, ಒಂಟಿತನ ಎಲ್ಲ ಇವೆ. ಒಬ್ಬ ಮಾಜಿ ಸೈನಿಕನ ಜೀವನ ಎದುರಿಗಿಟ್ಟುಕೊಂಡು ಆ ಪಟ್ಟಿ ಓದಿ ನೋಡಿ.

ಕುಡಿತದ ಬಗ್ಗೆ ಒಂದೇ ಮಾತು. ಸೇನಾ ಕ್ಯಾಂಟೀನಿನಲ್ಲಿ ಸಿಗುವ ಮದ್ಯದ ಕೋಟಾ ಬಗ್ಗೆ ನಮ್ಮಲ್ಲಿ ಯಾರೂ ಗಂಭೀರವಾಗಿ ಮಾತಾಡುವುದಿಲ್ಲ. ನಿದ್ದೆಗೆ ಅಂತ ಎರಡು ಪೆಗ್ ಹಾಕುವವರಿಗೆ ನಡುರಾತ್ರಿಯ ನಂತರದ ನಿದ್ದೆ ಇನ್ನೂ ಕೆಡುತ್ತದೆ. ಕುಡಿದು ಬಿದ್ದು ತಲೆಗೆ ಸಣ್ಣ ಪೆಟ್ಟಾದರೂ ವಯಸ್ಸಾದವರಲ್ಲಿ ಮಿದುಳಿನ ಪೊರೆಯ ಕೆಳಗೆ ರಕ್ತ ನಿಧಾನವಾಗಿ ಸೇರಬಹುದು. ವಾರಗಳ ನಂತರ ಅದು ಮರೆವಿನ ಹಾಗೆ ಕಾಣುತ್ತದೆ. ಒಂದು ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ತೆಗೆಯಲೂ ಬರುತ್ತದೆ. ಬಿ12 ಕೊರತೆ, ಥೈರಾಯಿಡ್ ತೊಂದರೆ ಕೂಡ ಹೀಗೇ ಮರೆವಿನ ಹಾಗೆ ಕಾಣಬಹುದು, ಅವು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಸರಿಯಾಗಬಹುದಾದ ಮರೆವನ್ನು ವಯಸ್ಸು ಅಂತ ಬಿಡುವುದು ನನಗೆ ತಡೆಯಲಾಗದ ಸಂಗತಿ.

ಶೇಪ್ ಒನ್

ಇವರು ತಾವಾಗಿಯೇ ಯಾಕೆ ಹೇಳುವುದಿಲ್ಲ? ಸೇನೆಯಲ್ಲಿದ್ದವರ ಮನೆಯವರಿಗೆ ಗೊತ್ತು, ಪ್ರಮೋಷನ್ ಬೇಕಾದರೆ ಶೇಪ್ ಒನ್, ಅಂದರೆ ಪೂರ್ತಿ ಫಿಟ್, ಇರಬೇಕು. ಐದು ಇಂಗ್ಲಿಷ್ ಅಕ್ಷರಗಳ ಆ ವೈದ್ಯಕೀಯ ಶ್ರೇಣಿಯಲ್ಲಿ ಮೊದಲನೆಯದು ಮನಸ್ಸು, ಎರಡನೆಯದು ಕಿವಿ. ನಿದ್ದೆ ಬರುವುದಿಲ್ಲ, ಕೈ ನಡುಗುತ್ತದೆ ಅಂತ ಬಾಯಿ ಬಿಟ್ಟರೆ ಕ್ಯಾಟಗರಿ ಇಳಿಯುತ್ತದೆ ಅನ್ನುವ ಭಯದಲ್ಲಿ ಇಪ್ಪತ್ತು ವರ್ಷ ಬದುಕಿದವರು, ಎಪ್ಪತ್ತರಲ್ಲಿ ಹೊಸ ಡಾಕ್ಟರ ಎದುರು ಹೇಗೆ ಹೇಳುತ್ತಾರೆ? ದೊಡ್ಡಪ್ಪ ಮೈಸೂರಿನಲ್ಲಿ ಡಾಕ್ಟರ ಕೋಣೆಗೆ ಹೋದ ಕೂಡಲೇ, ಎದ್ದು ನಿಲ್ಲಲು ಕಷ್ಟವಾದರೂ ಬೆನ್ನು ನೆಟ್ಟಗೆ ಮಾಡಿ "ಐ ಆ್ಯಮ್ ಫಿಟ್, ಸರ್" ಅಂದರು. ಆ ಡಾಕ್ಟರಿಗೆ ಅವರ ಅರ್ಧ ವಯಸ್ಸು.

ಹಕ್ಕಿನ ಪ್ರಶ್ನೆಯೂ ಇದೆ. ಇಂಥ ಕಾಯಿಲೆಗಳನ್ನು ಸೇವೆಗೆ ಸಂಬಂಧವಿಲ್ಲ ಅಂತ ಬರೆದು ಅಂಗವೈಕಲ್ಯ ಪೆನ್ಷನ್ ಇಲ್ಲ ಅನ್ನುವುದು ಬಹಳ ಜನ ಕಂಡ ಅನುಭವ. ಮೂರ್ಛೆ ರೋಗಕ್ಕಾಗಿ 1994ರಲ್ಲಿ ಸೇನೆಯಿಂದ ಹೊರಗೆ ಕಳಿಸಿದ ಧರಮ್‌ವೀರ್ ಸಿಂಗ್ ಅನ್ನುವ ಸಿಪಾಯಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲದಿದ್ದರೆ ಅದು ಸೇವೆಯಲ್ಲಿ ಬಂದದ್ದು ಅಂತಲೇ ಮೊದಲು ಹಿಡಿಯಬೇಕು, ಅಲ್ಲ ಅಂತ ತೋರಿಸುವ ಭಾರ ಸರ್ಕಾರದ್ದು, ಸೈನಿಕನದ್ದಲ್ಲ ಅಂತ 2013ರಲ್ಲಿ ತೀರ್ಪು ಬಂತು. ಡಿಸ್ಚಾರ್ಜ್ ಪುಸ್ತಕ, ಮೆಡಿಕಲ್ ಬೋರ್ಡಿನ ಕಾಗದ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಇಡಿ.

ಗೋಡೆಯ ಮೇಲಿನ ಕೋವಿ

ಇದನ್ನು ಬರೆಯಲು ನನಗೆ ಹಿಂಜರಿಕೆ ಇದೆ, ಆದರೂ ಬರೆಯಬೇಕು. ಲೈಸೆನ್ಸ್ ಇಲ್ಲದೆ ಕೋವಿ ಇಡುವ ವಿನಾಯಿತಿ ನಮ್ಮ ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದು ನಮ್ಮ ಹೆಮ್ಮೆ, ಅದನ್ನು ಕಿತ್ತುಕೊಳ್ಳುವ ಮಾತು ನಾನು ಆಡುತ್ತಿಲ್ಲ. ಆದರೆ ಸಂಜೆ ತೋಟದಲ್ಲಿ ಇಲ್ಲದ ಜನ ಕಾಣುವ ಮನುಷ್ಯನ ಕೈಗೆ, ಅಥವಾ ಬದುಕು ಸಾಕು ಅಂತ ಮೂರು ಸಲ ಹೇಳಿದ ಮನುಷ್ಯನ ಕೈಗೆ, ತುಂಬಿದ ಕೋವಿ ಸಿಗಬಾರದು.

ದೊಡ್ಡಪ್ಪನ ಮನೆಯಲ್ಲಿ ಇದನ್ನು ಹೇಳುವುದು ಹೇಗೆ ಅಂತ ತಿಂಗಳುಗಟ್ಟಲೆ ಯೋಚಿಸಿದರು. ಕೊನೆಗೆ ದೊಡ್ಡಮ್ಮ, ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ ಬರಲಿ ಅಂದರು. ಆ ದಿನ ದೊಡ್ಡಪ್ಪ ಎಂದಿನಂತೆ ಕೋವಿ ಇಳಿಸಿ, ಎಣ್ಣೆ ಬಟ್ಟೆ ಹಿಡಿದು ಒರೆಸಿದರು. ಬಟ್ಟೆ ಎರಡು ಸಲ ಕೈಯಿಂದ ಜಾರಿತು. ಯಾರೂ ಎತ್ತಿಕೊಡಲು ಹೋಗಲಿಲ್ಲ, ಅವರೇ ಬಗ್ಗಿ ಎತ್ತಿಕೊಂಡರು. ನಳಿಕೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡಿದ ಮೇಲೆ, ತಮ್ಮ ಕೈಯಿಂದಲೇ ಚಿಕ್ಕಪ್ಪನ ಕೈಗೆ ಕೊಟ್ಟರು. "ನೀನು ನೋಡಿಕೋ" ಅಂದರು. ತೋಟಾಗಳ ಪೆಟ್ಟಿಗೆ ಬೇರೆ ಮನೆಗೆ ಹೋಯಿತು. ಕದ್ದು ಬಚ್ಚಿಟ್ಟಿದ್ದರೆ ಅವರು ಮನೆಯವರನ್ನೇ ನಂಬುತ್ತಿರಲಿಲ್ಲ, ಅಷ್ಟು ಖಂಡಿತ.

ಈಗ ಏನಿದೆ, ಏನು ಬೇಕು

ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಅನ್ನುವ ಆರೋಗ್ಯ ಯೋಜನೆ ಇದೆ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ, ಮನೆಯವರೂ ಮಾಡಬಹುದು. ಸೇನೆಯವರಿಗೆಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಅದರ ಪ್ರತ್ಯೇಕ ವಿಭಾಗ ಶುರುವಾಗಿದೆ. ಆದರೂ ನಮಗೆ ಬೇಕಾದ ನರರೋಗ ತಜ್ಞರು ಸಿಕ್ಕಿದ್ದು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಆಚೆ, ಮೈಸೂರಿನಲ್ಲಿ. ನಡೆಯಲಾಗದ ಗಂಡನನ್ನು ಎಪ್ಪತ್ತರ ಹೆಂಡತಿ ಆ ರಸ್ತೆಯಲ್ಲಿ ಎಷ್ಟು ಸಲ ಕರೆದುಕೊಂಡು ಹೋಗಲು ಸಾಧ್ಯ? ತಿಂಗಳಿಗೊಮ್ಮೆಯಾದರೂ ಅಂಥವರೊಬ್ಬರು ಇಲ್ಲಿಗೇ ಬರುವ ಹಾಗಾಗಬೇಕು.

ನಮ್ಮ ಮಾಜಿ ಸೈನಿಕರ ಸಂಘದ ವಾರ್ಷಿಕ ಸಭೆಯಲ್ಲಿ ಏಕ ಶ್ರೇಣಿ ಏಕ ಪಿಂಚಣಿ, ಪಿಂಚಣಿಯ ಸ್ಪರ್ಶ್ ತಂತ್ರಾಂಶದ ತೊಂದರೆ, ಕ್ಯಾಂಟೀನ್ ಕಾರ್ಡ್, ಎಲ್ಲ ಚರ್ಚೆಯಾಗುತ್ತವೆ. ಈ ಸಲ ಅಲ್ಲಿಯೇ ಒಂದು ಕೋಣೆಯಲ್ಲಿ ಕಿವಿ ಪರೀಕ್ಷೆ, ಇನ್ನೊಂದರಲ್ಲಿ ನೆನಪಿನ ಪರೀಕ್ಷೆ ಇಡಿ ಅಂತ ಕೆಲವರು ಸೇರಿ ಅರ್ಜಿ ಕೊಟ್ಟಿದ್ದೇವೆ. ನೆನಪಿನ ಪರೀಕ್ಷೆಗೆ ಹದಿನೈದು ನಿಮಿಷ ಸಾಕು. ಮೂರನೆಯದಾಗಿ, ಹೆಂಡತಿಯರನ್ನು ಗಂಡಂದಿರಿಂದ ಬೇರೆಯಾಗಿ ಕೂರಿಸಿ, ರಾತ್ರಿ ಇವರು ಹೇಗಿರುತ್ತಾರೆ ಅಂತ ಒಬ್ಬ ಡಾಕ್ಟರು ಕೇಳಬೇಕು ಅಂತಲೂ ಬರೆದಿದ್ದೇವೆ. ಅಲ್ಲಿ ಮೊದಲು ಮಾತಾಡಲು ಯಾರಾದರೂ ಬೇಕಲ್ಲ ಅಂದಾಗ ದೊಡ್ಡಮ್ಮ, ತುಟಿ ಒಡೆದ ರಾತ್ರಿಯಿಂದಲೇ ಶುರು ಮಾಡುತ್ತೇನೆ ಅಂದಿದ್ದಾರೆ.